ಮನಸ್ಸಿಲ್ಲದ ಪುಣ್ಯ

ನಮ್ಮ ಅತ್ತೆಯವರ ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ಎಲೆ-ಅಡಿಕೆ ಹಂಚುತ್ತಿದ್ದಾಗ, ನನ್ನ ಪತಿಯ ದೊಡ್ಡಪ್ಪನವರು ಎಲ್ಲರೆದುರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. 'ಹೆತ್ತ ಮಗಳೂ ಇಷ್ಟು ಮಾಡ್ತಿರಲಿಲ್ಲಮ್ಮ. ಆರು ವರ್ಷ ಅಂದ್ರೆ ಹುಡುಗಾಟವೇ? ಈ ಪುಣ್ಯ ನಿನ್ನ ಮಕ್ಕಳನ್ನ ಕಾಯತ್ತೆ' ಎಂದರು. ನೆರೆದಿದ್ದವರು ತಲೆದೂಗಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರೆಲ್ಲ ವಿನಯವೆಂದು ತಿಳಿದರು.

ಪಾರ್ಶ್ವವಾಯುವಿನಿಂದ ಮಲಗಿದ್ದ ಆ ಹಿರಿಯ ಜೀವದ ಹಾಸಿಗೆಯನ್ನು ಆರು ವರ್ಷ ಬದಲಿಸಿದವಳು ನಾನೇ, ಸುಳ್ಳಲ್ಲ. ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸಿದ್ದು, ಚಮಚದಲ್ಲಿ ಗಂಜಿ ಕುಡಿಸಿದ್ದು, ನಡುರಾತ್ರಿ ಎದ್ದು ಒದ್ದೆ ಬಟ್ಟೆ ತೆಗೆದದ್ದು ಎಲ್ಲವೂ ನಿಜ. ಆದರೆ ಇವುಗಳಲ್ಲಿ ಒಂದನ್ನೂ ನಾನು ಪ್ರೀತಿಯಿಂದ ಮಾಡಿರಲಿಲ್ಲ. ಅವರು ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ನನ್ನ ತವರಿನ ಬಗ್ಗೆ ಆಡಿದ್ದ ಮಾತುಗಳನ್ನು ಒಂದೊಂದಾಗಿ ನೆನೆಯುತ್ತಲೇ ಕೈಗಳು ಕೆಲಸ ಮಾಡುತ್ತಿದ್ದವು. ಜನ ಏನೆಂದಾರು ಎಂಬ ಅಳುಕು, ಗಂಡನ ಬಾಡಿದ ಮುಖ, ರೂಢಿ. ನನ್ನ ಸೇವೆಗೆ ಕಾರಣಗಳು ಇಷ್ಟೆ. ಹಾಗಿದ್ದ ಮೇಲೆ ಅಂದು ಎಲ್ಲರೂ ಹೊಗಳಿದ ಪುಣ್ಯ ಯಾರದು?

ಆ ರಾತ್ರಿ ನನಗೆ ನೆನಪಾದವಳು ಹನ್ನೆರಡನೆಯ ಶತಮಾನದ ಫ್ರಾನ್ಸಿನ ಒಬ್ಬ ಸನ್ಯಾಸಿನಿ, ಹೆಲೋಯಿಸ್. ಕಾಲೇಜಿನಲ್ಲಿ ಕೆಲವು ವರ್ಷ ಐರೋಪ್ಯ ಇತಿಹಾಸ ಕಲಿಸುತ್ತಿದ್ದಾಗ ಆಕೆಯ ಪತ್ರಗಳ ಇಂಗ್ಲಿಷ್ ಅನುವಾದವನ್ನು ಓದಿದ್ದೆ. ಆಗ ಅದು ನನಗೆ ಒಂದು ದುರಂತ ಪ್ರೇಮಕಥೆಯಾಗಿ ಮಾತ್ರ ಕಂಡಿತ್ತು. ಆ ಪತ್ರಗಳಲ್ಲಿ ನನ್ನದೇ ಪ್ರಶ್ನೆಯನ್ನು ನನಗಿಂತ ಒಂಬತ್ತು ಶತಮಾನ ಮೊದಲು, ನನಗಿರದ ಧೈರ್ಯದಿಂದ ಒಬ್ಬಳು ಕೇಳಿದ್ದಾಳೆ ಎಂಬುದು ಅರಿವಾಗಲು ಅತ್ತೆಯವರು ತೀರಿಕೊಳ್ಳಬೇಕಾಯಿತು.

ಯುರೋಪಿನ ಮಧ್ಯಯುಗವೆಂದರೆ ಕತ್ತಲ ಯುಗ, ಅಲ್ಲಿ ಶ್ರದ್ಧೆಯು ವಿಚಾರದ ಬಾಯಿ ಕಟ್ಟಿತ್ತು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ಅದು ಅರ್ಧ ಸತ್ಯ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ನಾರ್ಮಂಡಿಯ ಬೆಕ್ ಮಠದ ಆನ್ಸೆಲ್ಮ್ (1033-1109), ದೇವರಿದ್ದಾನೆ ಎಂಬುದನ್ನು ಧರ್ಮಗ್ರಂಥದ ನೆರವಿಲ್ಲದೆ ಕೇವಲ ತರ್ಕದಿಂದ ಸ್ಥಾಪಿಸಲು ಹೊರಟ. ಗೌನಿಲೋ ಎಂಬ ಮತ್ತೊಬ್ಬ ಸನ್ಯಾಸಿ, ದೇವರಿಲ್ಲವೆನ್ನುವ ಮೂರ್ಖನ ಪಕ್ಷ ವಹಿಸಿ, ಆ ವಾದದ ತೂತುಗಳನ್ನು ಎತ್ತಿ ತೋರಿಸಿದ. ಆನ್ಸೆಲ್ಮ್ ಮಾಡಿದ್ದೇನು? ಗೌನಿಲೋನ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಗ್ರಂಥದ ಕೊನೆಗೆ ಸೇರಿಸಿಯೇ ಪ್ರತಿ ಮಾಡಬೇಕೆಂದು ಸೂಚಿಸಿದ. ಶ್ರದ್ಧೆ ಮೊದಲು, ಆದರೆ ಆ ಶ್ರದ್ಧೆ ಅರಿವನ್ನು ಅರಸುತ್ತಲೇ ಇರಬೇಕು ಎಂಬುದು ಆತನ ನಿಲುವು. ತನ್ನ ವಿರುದ್ಧದ ಬರಹವನ್ನು ತನ್ನ ಪುಸ್ತಕದೊಳಗೇ ಸೇರಿಸುವ ಲೇಖಕರು ಇಂದಿಗೂ ಅಪರೂಪ.

ಆದರೆ ಆನ್ಸೆಲ್ಮ್‌ನ ಜಗತ್ತು ಮಠದ ಗೋಡೆಗಳ ಒಳಗಿನದು. ಆ ವಾದವನ್ನು ಪ್ಯಾರಿಸ್ಸಿನ ಬೀದಿಗೆ ತಂದವನು ಪೀಟರ್ ಅಬೆಲಾರ್ಡ್. 1079ರಲ್ಲಿ ಬ್ರಿಟನಿಯ ಲ ಪಲೆ ಎಂಬ ಊರಿನಲ್ಲಿ ಯೋಧ ಕುಟುಂಬದ ಹಿರಿಯ ಮಗನಾಗಿ ಹುಟ್ಟಿದ ಈತ ಆಸ್ತಿಯ ಹಕ್ಕನ್ನು ತಮ್ಮಂದಿರಿಗೆ ಬಿಟ್ಟು ತರ್ಕಶಾಸ್ತ್ರದ ಬೆನ್ನು ಹತ್ತಿದ. ಗುರುಗಳನ್ನು ಅವರದೇ ತರಗತಿಯಲ್ಲಿ ಸೋಲಿಸುವುದು ಈತನಿಗೆ ಹವ್ಯಾಸವಾಗಿತ್ತೆನ್ನಬೇಕು. ಮುಂದೆ ಈತ ರಚಿಸಿದ 'ಹೌದು ಮತ್ತು ಅಲ್ಲ' ಎಂಬ ಗ್ರಂಥದಲ್ಲಿ 158 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಚರ್ಚಿನ ಪೂರ್ವಾಚಾರ್ಯರ ಪರಸ್ಪರ ವಿರುದ್ಧವಾದ ಮಾತುಗಳನ್ನು ಎದುರುಬದುರು ಇಟ್ಟು, ತನ್ನ ತೀರ್ಪನ್ನು ಹೇಳದೆ ಬಿಟ್ಟಿದ್ದಾನೆ. ಸಂದೇಹದಿಂದಲೇ ವಿಚಾರಣೆ, ವಿಚಾರಣೆಯಿಂದಲೇ ಸತ್ಯ ಎಂಬುದು ಅದರ ಮುನ್ನುಡಿಯ ತಾತ್ಪರ್ಯ. ವಿದ್ಯಾರ್ಥಿಗಳು ಈತನಿಗೆ ಮುಗಿಬಿದ್ದದ್ದು ಸಹಜ.

ಹೆಲೋಯಿಸ್ ಪ್ಯಾರಿಸ್ಸಿನ ಮುಖ್ಯ ಚರ್ಚಿನ ಪಾದ್ರಿ ಫುಲ್ಬರ್ಟನ ಸೋದರ ಸಂಬಂಧಿ ಹುಡುಗಿ. ಲ್ಯಾಟಿನ್ ಪಾಂಡಿತ್ಯಕ್ಕೆ ಆಗಲೇ ಹೆಸರಾಗಿದ್ದಳು. ಆಕೆಗೆ ಪಾಠ ಹೇಳುವ ನೆಪದಲ್ಲಿ ಅಬೆಲಾರ್ಡ್ ಅದೇ ಮನೆಯಲ್ಲಿ ವಾಸಕ್ಕೆ ಬಂದ. ಆಕೆಯನ್ನು ಒಲಿಸಿಕೊಳ್ಳಬೇಕೆಂದು ಲೆಕ್ಕ ಹಾಕಿಯೇ ಹೋದೆ ಎಂದು ತನ್ನ ಆತ್ಮಕಥನದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಮುಂದಿನದು ಬಹಳ ಮಂದಿಗೆ ಗೊತ್ತಿರುವ ಕಥೆ: ಗರ್ಭ, ಆಸ್ಟ್ರೊಲೇಬ್ ಎಂಬ ಹೆಸರಿನ ಗಂಡುಮಗು (ನಕ್ಷತ್ರಗಳನ್ನು ಅಳೆಯುವ ಉಪಕರಣದ ಹೆಸರನ್ನು ಮಗುವಿಗಿಟ್ಟ ತಾಯ್ತಂದೆಯರು ಇನ್ನಾರಿದ್ದಾರೋ!), ಹೆಲೋಯಿಸಳ ವಿರೋಧವನ್ನು ಲೆಕ್ಕಿಸದೆ ನಡೆದ ಗುಟ್ಟಿನ ಮದುವೆ, ಅದರ ಬಹಿರಂಗ, ಫುಲ್ಬರ್ಟನ ಕಡೆಯವರು ರಾತ್ರಿ ನುಗ್ಗಿ ಅಬೆಲಾರ್ಡನ ಪುರುಷತ್ವವನ್ನೇ ಕತ್ತರಿಸಿ ಹೋದದ್ದು. ಇದು ನಡೆದದ್ದು 1117ರ ಸುಮಾರಿಗೆ. ಅವಮಾನಿತನಾದ ಆತ ಸೇಂಟ್ ಡೆನಿಸ್ ಮಠ ಸೇರಿದ. ಅದಕ್ಕೆ ಮೊದಲು ಹೆಂಡತಿಗೆ ಆರ್ಜಾಂತೈ ಮಠದಲ್ಲಿ ಸನ್ಯಾಸ ಕೊಡಿಸಿದ. ಈ ಕ್ರಮವನ್ನು ಗಮನಿಸಬೇಕು. ತಾನು ಸೇರುವ ಮುನ್ನ ಅವಳನ್ನು ಸೇರಿಸಿದ. ತನ್ನ ಮೇಲೆ ಆತನಿಗೆ ಅಷ್ಟೂ ನಂಬಿಕೆಯಿರಲಿಲ್ಲವೇ ಎಂಬ ನೋವನ್ನು ಹೆಲೋಯಿಸ್ ಹದಿನೈದು ವರ್ಷಗಳ ನಂತರವೂ ಮರೆತಿರಲಿಲ್ಲ.

ಆ ಹದಿನೈದು ವರ್ಷಗಳಲ್ಲಿ ಅಬೆಲಾರ್ಡ್ ಸುಖವಾಗಿಯೇನೂ ಇರಲಿಲ್ಲ. 1121ರ ಸ್ವಾಸೊಂ ಸಭೆಯಲ್ಲಿ, ತ್ರೈಯೇಕ ದೇವರ ಕುರಿತು ತಾನು ಬರೆದ ಪುಸ್ತಕವನ್ನು ತನ್ನ ಕೈಯಾರೆ ಬೆಂಕಿಗೆ ಹಾಕಬೇಕಾಯಿತು. ಷಾಂಪೇನ್ ಪ್ರಾಂತದ ನಿರ್ಜನ ಸ್ಥಳದಲ್ಲಿ ಕಟ್ಟಿಕೊಂಡ ಪುಟ್ಟ ಪ್ರಾರ್ಥನಾಲಯಕ್ಕೆ ಪ್ಯಾರಾಕ್ಲೀಟ್, ಅಂದರೆ ಸಾಂತ್ವನ ನೀಡುವವನು, ಎಂದು ಹೆಸರಿಟ್ಟ. 1129ರಲ್ಲಿ ಹೆಲೋಯಿಸ್ ಮತ್ತು ಆಕೆಯ ಜೊತೆಗಾರ್ತಿಯರನ್ನು ಆರ್ಜಾಂತೈ ಮಠದಿಂದ ಹೊರಹಾಕಿದಾಗ ಆ ಸ್ಥಳವನ್ನು ಅವರಿಗೆ ಬಿಟ್ಟುಕೊಟ್ಟ. ಕೆಲವು ವರ್ಷಗಳ ಬಳಿಕ, ಗೆಳೆಯನೊಬ್ಬನಿಗೆ ಬರೆದ ಪತ್ರದ ರೂಪದಲ್ಲಿ ಆತ ರಚಿಸಿದ ಆತ್ಮಕಥನ ಆಕೆಯ ಕೈಸೇರಿತು. ಅಲ್ಲಿಂದ ಶುರುವಾದದ್ದು ಆ ಪತ್ರವ್ಯವಹಾರ.

ಈ ಪತ್ರಗಳು ಆಕೆಯವೇ ಅಲ್ಲವೆಂದು ವಾದಿಸಿದ ವಿದ್ವಾಂಸರಿದ್ದರು. ಒಬ್ಬ ಮಠಾಧ್ಯಕ್ಷೆ ಹೀಗೆ ಬರೆಯಲಾರಳು ಎಂಬುದು ಅವರ ಶಂಕೆಗೆ ಒಂದು ಕಾರಣ. ಈಗ ಹೆಚ್ಚಿನವರು ಅವು ಆಕೆಯವೇ ಎಂದು ಒಪ್ಪುತ್ತಾರೆ. ಓದಿದರೆ ಶಂಕೆ ಏಕೆ ಬಂತೆಂಬುದು ತಿಳಿಯುತ್ತದೆ. ಜನರು ನನ್ನನ್ನು ಪರಿಶುದ್ಧಳೆಂದು ಕೊಂಡಾಡುತ್ತಾರೆ, ನಾನು ಎಂಥ ಕಪಟಿಯೆಂಬುದನ್ನು ಅವರು ಅರಿಯರು ಎನ್ನುತ್ತಾಳೆ ಹೆಲೋಯಿಸ್. ದೇಹದ ಶುದ್ಧಿಯನ್ನು ಅವರು ಸದ್ಗುಣವೆಂದು ಎಣಿಸುತ್ತಾರೆ. ಆದರೆ ಸದ್ಗುಣವಿರುವುದು ಮನಸ್ಸಿನಲ್ಲಲ್ಲವೆ? ಬಲಿಪೂಜೆ ನಡೆಯುತ್ತಿರುವಾಗಲೂ ತನ್ನ ಕಣ್ಣಮುಂದೆ ಸುಳಿಯುವುದು ಹಳೆಯ ಸುಖದ ಚಿತ್ರಗಳೇ. ಕಳೆದುಹೋದದ್ದಕ್ಕಾಗಿ ನಿಟ್ಟುಸಿರಿಡುತ್ತೇನೆಯೇ ಹೊರತು ಮಾಡಿದ್ದಕ್ಕಾಗಿ ಪಶ್ಚಾತ್ತಾಪ ಪಡುತ್ತಿಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಬರೆಯುತ್ತಾಳೆ. ಸನ್ಯಾಸ ಸ್ವೀಕರಿಸಿದ್ದು ದೇವರ ಮೇಲಿನ ಪ್ರೇಮದಿಂದಲ್ಲ, ಗಂಡನ ಅಪ್ಪಣೆಯಿಂದ. ಆದ್ದರಿಂದ ದೇವರಿಂದ ಪ್ರತಿಫಲ ಕೇಳುವ ಹಕ್ಕು ತನಗಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾಳೆ.

ಆಕೆಯ ಮಾತನ್ನು ಕೇವಲ ವಿರಹದ ಅಳಲೆಂದು ಓದಿದರೆ ಅನ್ಯಾಯವಾಗುತ್ತದೆ. ಅದರ ಒಳಗೊಂದು ಬಿಗಿಯಾದ ತರ್ಕವಿದೆ. ಮದುವೆ ಬೇಡವೆಂದು ವಾದಿಸಿದಾಗಲೂ ಆಕೆ ಹಿಡಿದದ್ದು ಅದೇ ಎಳೆಯನ್ನು: ಐಶ್ವರ್ಯ ನೋಡಿ ಗಂಡನನ್ನು ವರಿಸುವವಳು ತನ್ನನ್ನು ಮಾರಿಕೊಂಡಂತೆ; ತನಗೆ ಬೇಕಿದ್ದದ್ದು ಆತನ ಹೆಸರಲ್ಲ, ಆಸ್ತಿಯಲ್ಲ, ಆತ ಮಾತ್ರ. ಫಲಾಪೇಕ್ಷೆಯಿಲ್ಲದ ಸ್ನೇಹವೆಂಬ ಈ ಕಲ್ಪನೆಯನ್ನು ಆಕೆ ರೋಮಿನ ಸಿಸಿರೋನಿಂದ ಕಲಿತಿದ್ದಳು. ಕೃತ್ಯವನ್ನು ನೋಡಬೇಡಿ, ಅದನ್ನು ಮಾಡಿದ ಮನಸ್ಸನ್ನು ನೋಡಿ ಎಂಬ ಅಳತೆಗೋಲನ್ನು ಮೊದಲು ತನ್ನ ಪ್ರೇಮಕ್ಕೆ ಹಿಡಿದು ನಿರಪರಾಧಿಯೆಂದಳು. ಅನಂತರ ಅದನ್ನೇ ತನ್ನ ಸನ್ಯಾಸಕ್ಕೆ ಹಿಡಿದು ಅಪರಾಧಿಯೆಂದಳು. ಅಳತೆಗೋಲನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಬದಲಿಸಲಿಲ್ಲ.

ತರ್ಕದಲ್ಲಿ ಯಾರಿಗೂ ಸೋಲದ ಅಬೆಲಾರ್ಡ್ ಇದಕ್ಕೇನು ಉತ್ತರ ಕೊಟ್ಟ? ಒಂದು ಪ್ರಾರ್ಥನೆಯನ್ನು ರಚಿಸಿ ಕಳುಹಿಸಿದ. ಹಳೆಯದನ್ನು ಬಿಡು, ಕ್ರಿಸ್ತನ ಕಡೆ ತಿರುಗು, ನಮಗಾದ ಶಿಕ್ಷೆ ನ್ಯಾಯವಾದದ್ದೇ ಎಂದು ಉಪದೇಶಿಸಿದ. ಹೆಲೋಯಿಸ್ ಮರುಪತ್ರದಲ್ಲಿ ಆ ವಿಷಯಕ್ಕೆ ತೆರೆ ಎಳೆದಳು. ಇನ್ನು ನನ್ನ ಲೇಖನಿಗೆ ಕಡಿವಾಣ ಹಾಕುತ್ತೇನೆ, ಮನಸ್ಸಿಗೆ ಹಾಕಲಾರೆ ಎಂಬ ಅರ್ಥದ ಮಾತು ಬರೆದು, ಮಠದ ವ್ಯವಹಾರಕ್ಕೆ ಇಳಿದಳು. ಗಂಡಸರಿಗಾಗಿ ಬರೆದ ಬೆನೆಡಿಕ್ಟನ ಮಠನಿಯಮವನ್ನು ಹೆಂಗಸರು ಪಾಲಿಸುವುದಾದರೂ ಹೇಗೆ? ಉಡುಪಿನ, ಸುಗ್ಗಿಯ ದುಡಿಮೆಯ ನಿಯಮಗಳು ನಮಗೆ ಹೊಂದುತ್ತವೆಯೆ? ನಮಗೆ ತಕ್ಕ ನಿಯಮವನ್ನು ಬರೆದುಕೊಡಿ ಎಂದು ಕೇಳಿದಳು. ಆತ ದೀರ್ಘವಾಗಿಯೇ ಬರೆದುಕೊಟ್ಟ. ಬೈಬಲ್ಲಿನ ಕ್ಲಿಷ್ಟ ಭಾಗಗಳ ಬಗ್ಗೆ ಆಕೆ ಕಳುಹಿಸಿದ 42 ಪ್ರಶ್ನೆಗಳಿಗೂ ಉತ್ತರಿಸಿದ. ಆ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಉಳಿಯಿತು ಎನ್ನುವುದು ಪೂರ್ತಿ ಸರಿಯಲ್ಲವೇನೊ. ಈ ಪತ್ರಗಳಾದ ಕೆಲವು ವರ್ಷಗಳ ನಂತರ, ಬದುಕಿನ ಕೊನೆಯ ಘಟ್ಟದಲ್ಲಿ ಅಬೆಲಾರ್ಡ್ ಒಂದು ನೀತಿಗ್ರಂಥ ಬರೆದ. ಅದರ ಇನ್ನೊಂದು ಹೆಸರು 'ನಿನ್ನನ್ನು ನೀನು ಅರಿ'. ಕೆಟ್ಟ ಸ್ವಭಾವ ಪಾಪವಲ್ಲ, ಕೆಟ್ಟ ಆಸೆಯೂ ಪಾಪವಲ್ಲ, ಕೃತ್ಯವಂತೂ ಅಲ್ಲವೇ ಅಲ್ಲ. ಇದು ತಪ್ಪೆಂದು ಅರಿತೂ ಮನಸ್ಸು ಕೊಡುವ ಸಮ್ಮತಿಯೊಂದೇ ಪಾಪ ಎಂಬುದು ಅದರ ತಿರುಳು. ಅಪರಾಧಿಯೊಬ್ಬನನ್ನು ಇಬ್ಬರು ಗಲ್ಲಿಗೇರಿಸುತ್ತಾರೆ. ಒಬ್ಬನಿಗೆ ನ್ಯಾಯದ ಕಳಕಳಿ, ಇನ್ನೊಬ್ಬನಿಗೆ ಹಳೆಯ ಹಗೆ. ಹಗ್ಗ ಒಂದೇ, ಕೃತ್ಯ ಒಂದೇ. ನೀತಿಯ ದೃಷ್ಟಿಯಲ್ಲಿ ಅವು ಎರಡು. ಅಬೆಲಾರ್ಡ್ ಕೊಡುವ ಇನ್ನೊಂದು ನಿದರ್ಶನವನ್ನು ಓದಿದವರು ಮರೆಯಲಾರರು. ಹೊದಿಕೆಗೂ ಗತಿಯಿಲ್ಲದ ಬಡ ತಾಯಿಯೊಬ್ಬಳು ಚಳಿಗೆ ನಡುಗುವ ಹಸುಗೂಸನ್ನು ಎದೆಗವಚಿ ಮಲಗುತ್ತಾಳೆ; ನಿದ್ದೆಯಲ್ಲಿ ಅವಳ ಮೈಯಡಿಗೇ ಸಿಕ್ಕಿ ಕೂಸು ಉಸಿರುಗಟ್ಟಿ ಸಾಯುತ್ತದೆ. ಬಿಷಪ್ ಆಕೆಗೆ ಕಠಿಣ ಪ್ರಾಯಶ್ಚಿತ್ತ ವಿಧಿಸುತ್ತಾನೆ. ಅದು ಆಕೆಯ ಪಾಪಕ್ಕಲ್ಲ, ಏಕೆಂದರೆ ಆಕೆ ಮಾಡಿದ್ದು ಪ್ರೀತಿಯೊಂದನ್ನೇ. ಇತರ ತಾಯಂದಿರು ಎಚ್ಚರದಿಂದಿರಲಿ ಎಂದು. ಮನುಷ್ಯರ ನ್ಯಾಯಾಲಯ ಹೊರಗಿನದನ್ನಷ್ಟೇ ಕಾಣಬಲ್ಲದು, ಒಳಗನ್ನು ಕಾಣುವವನು ದೇವರೊಬ್ಬನೇ.

ಈ ಪುಸ್ತಕದ ಬೀಜ ಹೆಲೋಯಿಸಳ ಪತ್ರಗಳಲ್ಲೇ ಇದೆಯೆಂದು ಹೇಳುವವರುಂಟು. ನನಗೂ ಹಾಗೆಯೇ ಅನ್ನಿಸುತ್ತದೆ. ಗಂಡನಾಗಿ ಕೊಡಲಾರದ ಉತ್ತರವನ್ನು ಆತ ತತ್ತ್ವಜ್ಞನಾಗಿ ಕೊಟ್ಟ. ಆದರೆ ಆ ಉತ್ತರ ಆಕೆಗೆ ಸಮಾಧಾನ ತರುವಂಥದ್ದಾಗಿರಲಿಲ್ಲ. ಆಸೆ ಪಾಪವಲ್ಲ ಎಂಬುದು ಆಕೆಯನ್ನು ಬಿಡುಗಡೆ ಮಾಡಬಹುದು. ಕೃತ್ಯಕ್ಕೆ ತನ್ನದೇ ಆದ ಪುಣ್ಯವಿಲ್ಲ ಎಂಬುದು ಆಕೆಯ ಇಡೀ ಸನ್ಯಾಸ ಜೀವನವನ್ನು ಸೊನ್ನೆಗಿಳಿಸುತ್ತದೆ.

ಕ್ಲೇರ್ವೋ ಮಠದ ಬರ್ನಾರ್ಡನಿಗೆ ಇದನ್ನು ಸಹಿಸಲಾಗಲಿಲ್ಲ. ಬರ್ನಾರ್ಡ್ ಸಾಮಾನ್ಯನಲ್ಲ, ಪೋಪರಿಗೂ ಬುದ್ಧಿ ಹೇಳಬಲ್ಲ ಪ್ರಭಾವಿ. ಒರಟು ಮತಾಂಧನೆಂದು ಆತನನ್ನು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ದೇವರ ಮೇಲಿನ ಪ್ರೇಮದ ಬಗ್ಗೆ ಆತ ಬರೆದ ಗ್ರಂಥದಲ್ಲಿ ಪ್ರೇಮಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಮನುಷ್ಯ ಮೊದಲು ತನ್ನನ್ನು ತನಗಾಗಿ ಪ್ರೀತಿಸುತ್ತಾನೆ. ಕಷ್ಟ ಬಂದಾಗ ದೇವರನ್ನು ತನಗಾಗಿ ಪ್ರೀತಿಸುತ್ತಾನೆ. ರುಚಿ ಹತ್ತಿದ ಮೇಲೆ ದೇವರನ್ನು ದೇವರಿಗಾಗಿ. ಕೊನೆಗೆ ತನ್ನನ್ನೂ ದೇವರಿಗಾಗಿಯೇ. ಸ್ವಾರ್ಥದಿಂದ ಹೊರಟವನೂ ನಡೆಯುತ್ತಾ ನಡೆಯುತ್ತಾ ಪ್ರೇಮವನ್ನು ಮುಟ್ಟಬಲ್ಲ ಎಂಬ ಕರುಣೆ ಇದರಲ್ಲಿದೆ. ಅಬೆಲಾರ್ಡನ ನೀತಿಯಲ್ಲಿ ನನಗೆ ಕಾಣದ್ದು ಇದೇ. ಅಲ್ಲಿ ಮನಸ್ಸು ಈ ಕ್ಷಣ ಹೇಗಿದೆಯೋ ಹಾಗೆಯೇ ತೂಗಲ್ಪಡುತ್ತದೆ; ಅದಕ್ಕೆ ನಡೆಯಲು ದಾರಿಯಿಲ್ಲ.

ಅದೇ ಬರ್ನಾರ್ಡ್ 1141ರಲ್ಲಿ ಸಾನ್ಸ್ ನಗರದ ಸಭೆಯಲ್ಲಿ ನಡೆದುಕೊಂಡ ರೀತಿಗೆ ಕರುಣೆಯೆನ್ನಲಾಗದು. (ಹಳೆಯ ಪುಸ್ತಕಗಳಲ್ಲಿ ಈ ಸಭೆಯ ವರ್ಷ 1140 ಎಂದಿರುತ್ತದೆ.) ಬಹಿರಂಗ ವಾದಕ್ಕೆಂದು ಅಬೆಲಾರ್ಡ್ ಬಂದಿದ್ದ, ರಾಜ ಏಳನೆಯ ಲೂಯಿ ಕೂಡ ಹಾಜರಿದ್ದ. ಬರ್ನಾರ್ಡ್ ಹಿಂದಿನ ರಾತ್ರಿಯೇ ಬಿಷಪ್ಪರನ್ನು ಸೇರಿಸಿ ಹತ್ತೊಂಬತ್ತು ಆಪಾದಿತ ವಾಕ್ಯಗಳನ್ನು ಓದಿ ಖಂಡನೆಗೆ ಒಪ್ಪಿಸಿಯಾಗಿತ್ತು. ಕೃತ್ಯಗಳಿಂದ ಮನುಷ್ಯ ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ ಎಂಬುದು ಆ ಪಟ್ಟಿಯಲ್ಲಿದ್ದ ಒಂದು ವಾಕ್ಯ. ಮಾರನೆಯ ದಿನ ಅಬೆಲಾರ್ಡ್ ಒಂದು ಮಾತೂ ವಾದಿಸದೆ, ಪೋಪರಿಗೆ ಮೇಲ್ಮನವಿ ಸಲ್ಲಿಸುತ್ತೇನೆಂದು ಹೊರನಡೆದ. ರೋಮ್ ಕೂಡ ಆತನಿಗೆ ಮೌನದ ಶಿಕ್ಷೆ ವಿಧಿಸಿತು. ಈ ಹೊತ್ತಿನಲ್ಲಿ ಆತ ತನ್ನ ಶ್ರದ್ಧೆಯ ನಿವೇದನೆಯನ್ನು ಬರೆದದ್ದು ಪೋಪನಿಗಲ್ಲ, ಬಿಷಪ್ಪರಿಗಲ್ಲ, ಹೆಲೋಯಿಸಳಿಗೆ. ಕ್ರಿಸ್ತನಿಂದ ದೂರ ಮಾಡುವುದಾದರೆ ಅರಿಸ್ಟಾಟಲನಾಗುವುದೂ ತನಗೆ ಬೇಡ ಎಂಬುದು ಅದರ ಸಾರ. ವಿಚಾರವಾದಿಯೆಂದು ಆತನನ್ನು ನಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವವರು ಈ ಕಾಗದವನ್ನು ಮರೆಯುತ್ತಾರೆ.

ಆತನ ವಿಧಾನ ಮಾತ್ರ ಸಾಯಲಿಲ್ಲ. ನೂರಮೂವತ್ತು ವರ್ಷಗಳ ನಂತರ ಥಾಮಸ್ ಅಕ್ವಿನಾಸ್ (1225-1274) ಅದೇ ಪ್ಯಾರಿಸ್ಸಿನಲ್ಲಿ ತನ್ನ ಮಹಾಗ್ರಂಥದ ನೀತಿಭಾಗವನ್ನು ಬರೆಯುವಾಗ ಪ್ರತಿ ಪ್ರಶ್ನೆಯಲ್ಲೂ ಮೊದಲು ಎದುರಾಳಿಯ ವಾದವನ್ನೇ ಇಡುತ್ತಾನೆ. ನನ್ನ ಪ್ರಶ್ನೆಯನ್ನು ಹೊತ್ತು ನಾನು ಕೊನೆಗೆ ಹೋದದ್ದು ಅಲ್ಲಿಗೆ. ಅಕ್ವಿನಾಸನ ಪ್ರಕಾರ ಪ್ರೇಮವೇ ಎಲ್ಲ ಸದ್ಗುಣಗಳಿಗೆ ರೂಪ ಕೊಡುವಂಥದ್ದು. ಆದರೆ ಆ ಪ್ರೇಮ ಎದೆಯಲ್ಲಿ ಉಕ್ಕುವ ಭಾವವಲ್ಲ. ಇನ್ನೊಬ್ಬರ ಒಳಿತನ್ನು ಬಯಸುವ ಇಚ್ಛೆ. ಹಗೆಯ ಮೇಲೂ ಅದು ಸಲ್ಲಬೇಕೇ ಎಂಬ ಪ್ರಶ್ನೆಗೆ ಆತನ ಉತ್ತರ ಬಹಳ ವ್ಯಾವಹಾರಿಕವಾದದ್ದು: ವಿಶೇಷ ಮಮತೆ ತೋರಬೇಕೆಂಬ ಕಟ್ಟಳೆಯಿಲ್ಲ, ಆದರೆ ಅವರು ಸಂಕಟದಲ್ಲಿದ್ದಾಗ ನೆರವಾಗಲು ಮನಸ್ಸು ಸಿದ್ಧವಾಗಿರಬೇಕು.

ಓದಿ ಒಂದು ಕ್ಷಣ ಹಗುರಾದೆ. ಮಮತೆ ಇಲ್ಲದಿದ್ದರೂ ನೆರವಾಗಿದ್ದೆನಲ್ಲ! ಮರುಕ್ಷಣವೇ ಆ ಸಮಾಧಾನ ಜಾರಿಹೋಯಿತು. ಒಳಿತನ್ನು ಬಯಸಿದ್ದೆನೆ? ಐದನೆಯ ವರ್ಷದ ಮಳೆಗಾಲದಲ್ಲಿ, ಒಂದೇ ರಾತ್ರಿ ಮೂರನೆಯ ಸಲ ಏಳಬೇಕಾಗಿ ಬಂದಾಗ, ಇವರು ಹೋಗಿಬಿಡಬಾರದೆ ಎಂದುಕೊಂಡದ್ದುಂಟು. ಅವರ ನೋವು ನೀಗಲೆಂದಲ್ಲ, ನನ್ನ ನಿದ್ದೆಗಾಗಿ. ಅಕ್ವಿನಾಸ್ ಕೊಟ್ಟ ಅಳತೆಗೋಲು ಅಬೆಲಾರ್ಡನದಕ್ಕಿಂತ ಮೃದುವೇನಲ್ಲ. ಮಾಡುತ್ತಾ ಮಾಡುತ್ತಾ ಪ್ರೇಮ ತಾನಾಗಿಯೇ ಬರುತ್ತದೆ ಎಂದು ಹೇಳಿಕೊಳ್ಳಲೂ ಆತ ಬಿಡುವುದಿಲ್ಲ. ಧೈರ್ಯ, ಮಿತ ಮುಂತಾದ ಗುಣಗಳನ್ನು ಅಭ್ಯಾಸದಿಂದ ಗಳಿಸಬಹುದು. ಈ ಪ್ರೇಮವನ್ನು ಮಾತ್ರ ದೇವರೇ ಕೊಡಬೇಕು ಎನ್ನುತ್ತಾನೆ.

ಹೀಗೆ ಮೂವರು ಮಹಾಪಂಡಿತರ ಮುಂದೆಯೂ ಸೋತು ನಿಂತ ಮೇಲೆ ನನಗೊಂದು ಸಂಗತಿ ಹೊಳೆಯಿತು. ಅಬೆಲಾರ್ಡನ ಪುಸ್ತಕದಲ್ಲಿ ಇರುವವರು ಇಬ್ಬರೇ: ಮಾಡುವವನು ಮತ್ತು ದೇವರು. ಆ ಕೂಸಿನ ಕಥೆಯಲ್ಲಿ ಕೂಸು ಸತ್ತಿದೆ, ಆದರೆ ವಾದವೆಲ್ಲ ತಾಯಿಯ ಬಗ್ಗೆ. ಮಾಡಿಸಿಕೊಂಡವರಿಗೆ ಅಲ್ಲಿ ಜಾಗವಿಲ್ಲ. ನನ್ನ ಮನಸ್ಸು ಹೇಗೇ ಇರಲಿ, ಅತ್ತೆಯವರ ಬೆನ್ನಿನಲ್ಲಿ ಕೊನೆಯವರೆಗೂ ಹುಣ್ಣಾಗಲಿಲ್ಲ. ಒಣ ಬಟ್ಟೆ ಒಣ ಬಟ್ಟೆಯೇ. ಇದರಿಂದ ನನಗೆ ಪುಣ್ಯ ಬಂತೆಂದು ನಾನು ಹೇಳಲಾರೆ, ದೊಡ್ಡಪ್ಪನವರ ಮಾತನ್ನು ಒಪ್ಪಿಕೊಳ್ಳಲೂ ಆರೆ. ಆದರೆ ಕೃತ್ಯಕ್ಕೆ ಬೆಲೆಯೇ ಇಲ್ಲವೆಂಬ ಮಾತನ್ನು ಹಾಸಿಗೆಯಲ್ಲಿ ಮಲಗಿರುವವರ ಕಡೆಯಿಂದ ಒಮ್ಮೆ ಕೇಳಿ ನೋಡಬೇಕು.

ಹೆಲೋಯಿಸ್ ಇದನ್ನು ಬಾಯಿಬಿಟ್ಟು ಎಲ್ಲೂ ಹೇಳಲಿಲ್ಲ. ಮನಸ್ಸಿಲ್ಲದ ಮಠದಲ್ಲಿ ಕುಳಿತು ಆಕೆ ಮುಂದೆ ಮೂರು ದಶಕ ಮಾಡಿದ್ದೇನೆಂಬುದನ್ನು ನೋಡಿದರೆ ಊಹಿಸಬಹುದು. ಹೊರದಬ್ಬಿಸಿಕೊಂಡು ಬಂದ ಬೆರಳೆಣಿಕೆಯ ಹೆಂಗಸರ ಗುಡಿಸಲನ್ನು ಶಾಖಾಮಠಗಳುಳ್ಳ ಸಂಸ್ಥೆಯನ್ನಾಗಿ ಬೆಳೆಸಿದಳು. ಆಕೆಯ ಒಳಗು ಬದಲಾಯಿತೆ? ಆ ಬಗ್ಗೆ ಮತ್ತೆಂದೂ ಬರೆಯಲಿಲ್ಲ, ಕಡಿವಾಣ ಹಾಕುತ್ತೇನೆಂದ ಮಾತನ್ನು ಉಳಿಸಿಕೊಂಡಳು.

ಅಬೆಲಾರ್ಡನಿಗೆ ಕೊನೆಗೆ ಆಸರೆ ಕೊಟ್ಟವನು ಕ್ಲೂನಿಯ ಮಠಾಧಿಪತಿ ಪೀಟರ್. ಕುರಾನನ್ನು ಮೊದಲ ಬಾರಿಗೆ ಲ್ಯಾಟಿನ್ನಿಗೆ ಅನುವಾದ ಮಾಡಿಸಿದವನೂ ಈತನೇ. ಆ ಕೆಲಸ 1143ರಲ್ಲಿ ಮುಗಿಯಿತು. ರೋಮಿಗೆ ಹೊರಟು ದಣಿದು ಬಂದ ವೃದ್ಧ ಪಂಡಿತನನ್ನು ಪೀಟರ್ ತನ್ನಲ್ಲೇ ಉಳಿಸಿಕೊಂಡ, ಬರ್ನಾರ್ಡನೊಡನೆ ರಾಜಿ ಮಾಡಿಸಿದ, ಪೋಪನ ಶಿಕ್ಷೆ ತೆರವಾಗುವಂತೆ ನೋಡಿಕೊಂಡ. ಯಾರ ವಾದ ಸರಿಯೆಂಬ ಗೊಡವೆಗೆ ಆತ ಹೋದಂತೆ ಕಾಣುವುದಿಲ್ಲ. 1142ರ ಏಪ್ರಿಲ್ 21ರಂದು ಅಬೆಲಾರ್ಡ್ ತೀರಿಕೊಂಡಾಗ ಪೀಟರ್ ಹೆಲೋಯಿಸಳಿಗೆ ಮರ್ಯಾದೆ ತುಂಬಿದ ಪತ್ರ ಬರೆದ. ಆತ ನಿನ್ನವನೆಂಬ ಭಾವ ಆ ಪತ್ರದಲ್ಲಿ ಎದ್ದು ಕಾಣುತ್ತದೆ. ಶವವನ್ನು ಗುಟ್ಟಾಗಿ ಪ್ಯಾರಾಕ್ಲೀಟಿಗೆ ತಾನೇ ತಂದೊಪ್ಪಿಸಿದ. ಇಪ್ಪತ್ತೆರಡು ವರ್ಷಗಳ ಆಸುಪಾಸಿನಲ್ಲಿ ಹೆಲೋಯಿಸಳೂ ತೀರಿಕೊಂಡಳು. ಅವರದೆಂದು ನಂಬಲಾದ ಅವಶೇಷಗಳು 1817ರಿಂದ ಪ್ಯಾರಿಸ್ಸಿನ ಪೇರ್ ಲಷೇಸ್ ಸ್ಮಶಾನದಲ್ಲಿವೆ.

ಶವ ತಂದುಕೊಟ್ಟ ಪೀಟರನಿಗೆ ಹೆಲೋಯಿಸ್ ಬರೆದ ಕೃತಜ್ಞತೆಯ ಕಾಗದ ಉಳಿದುಬಂದಿದೆ. ಚಿಕ್ಕ ಕಾಗದ. ಅದರಲ್ಲಿ ಪ್ರೇಮದ ಮಾತಿಲ್ಲ, ತರ್ಕವಿಲ್ಲ, ತನ್ನ ಕಪಟದ ಪ್ರಸ್ತಾಪವಿಲ್ಲ. ಅಬೆಲಾರ್ಡನ ಪಾಪಗಳಿಗೆ ಕ್ಷಮೆ ಸಿಕ್ಕಿದೆಯೆಂಬುದನ್ನು ಬರೆದು ಮೊಹರು ಹಾಕಿ ಕಳುಹಿಸಿ, ಸಮಾಧಿಯ ಮೇಲೆ ತೂಗುಹಾಕುತ್ತೇನೆ ಎಂದು ಕೇಳಿದ್ದಾಳೆ. ಇನ್ನೊಂದು ಬೇಡಿಕೆ, ನಿಮ್ಮ ಆಸ್ಟ್ರೊಲೇಬನನ್ನು ಮರೆಯಬೇಡಿ, ಯಾವುದಾದರೂ ಬಿಷಪ್ಪರನ್ನು ಕೇಳಿ ಅವನಿಗೊಂದು ಚರ್ಚಿನ ವೃತ್ತಿ ಕೊಡಿಸಿ ಎಂದು. ಆಗ ಮಗ ಇಪ್ಪತ್ತು ದಾಟಿದ್ದ. ಪೀಟರ್ ಕ್ಷಮಾಪತ್ರವನ್ನು ಕೂಡಲೇ ಕಳುಹಿಸಿದ. ಮಗನ ವಿಷಯಕ್ಕೆ, ಪ್ರಯತ್ನಿಸುತ್ತೇನೆ, ಆದರೆ ಇಂಥದ್ದನ್ನು ಕೇಳಿದಾಗ ಬಿಷಪ್ಪರು ನೂರೆಂಟು ನೆಪ ಹೇಳುತ್ತಾರೆ, ಕೆಲಸ ಸುಲಭವಲ್ಲ ಎಂದು ಉತ್ತರಿಸಿದ.